ಅರವತ್ತು ದಿನಗಳಲ್ಲಿ ಹಡಗು ಕಟ್ಟಿದರು ಸರಿ, ರೋಮನ್ನರಿಗೆ ಕಡಲನ್ನು ಕಲಿಸಿದವರು ಯಾರು?

ಸಂಜೆಯ ಓದು:

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ರೋಮ್ ಮತ್ತು ಉತ್ತರ ಆಫ್ರಿಕಾದ ಕಡಲರಾಜ್ಯ ಕಾರ್ಥೇಜ್ ನಡುವಿನ ಮೊದಲ ಯುದ್ಧದ ಕಥೆ ಹೇಳುತ್ತಿದ್ದೆ. ಎಲ್ಲರಿಗೂ ಗೊತ್ತಿರುವ ಕಥೆಯೇ. ರೋಮನ್ನರು ನೆಲದ ಮೇಲೆ ಹುಲಿಗಳು, ನೀರಿಗೆ ಹೊಸಬರು. ಕಾರ್ಥೇಜಿನ ಯುದ್ಧನೌಕೆಯೊಂದು ದಡಕ್ಕೆ ಸಿಕ್ಕಿಕೊಂಡಿತು. ಅದನ್ನು ಹಿಡಿದು, ಅದೇ ಮಾದರಿಯಲ್ಲಿ ನೂರು ದೊಡ್ಡ ಹಡಗು ಮತ್ತು ಇಪ್ಪತ್ತು ಚಿಕ್ಕ ಹಡಗು ಕಟ್ಟಿದರು. ಮರ ಕಡಿದ ಅರವತ್ತನೆಯ ದಿನಕ್ಕೆ ನೌಕಾಪಡೆ ನೀರಿಗಿಳಿದಿತ್ತು. ಕ್ರಿ.ಪೂ. 260ರಲ್ಲಿ ಮೊದಲ ದೊಡ್ಡ ಕಾಳಗವನ್ನೇ ಗೆದ್ದರು.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಹಡಗನ್ನು ನೋಡಿ ಹಡಗು ಮಾಡಬಹುದು. ಅದನ್ನು ನಡೆಸುವುದನ್ನು ಯಾರನ್ನು ನೋಡಿ ಕಲಿತರು?"

ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಬಂದವನು ನಾಲ್ಕು ದಿನದಿಂದ ಓದುತ್ತಿದ್ದೇನೆ. ಓದಿದಷ್ಟೂ ಆ ಮಗು ಕಥೆಯ ಬುಡಕ್ಕೇ ಕೈ ಹಾಕಿದೆ ಅನ್ನಿಸುತ್ತಿದೆ. ತಿಳಿದವರು ದಯವಿಟ್ಟು ಬರೆಯಿರಿ.

ಹಳೆಯ ನಕ್ಷೆ:

ಮೇಷ್ಟ್ರೇ, ಆ ಹುಡುಗಿಗೆ ನನ್ನ ಅಭಿನಂದನೆ ತಿಳಿಸಿ.

ಈ ಕಥೆ ನಮಗೆ ಮುಖ್ಯವಾಗಿ ಬಂದಿರುವುದು ಗ್ರೀಕ್ ಇತಿಹಾಸಕಾರ ಪೊಲಿಬಿಯಸ್‌ನಿಂದ. ಯುದ್ಧ ಮುಗಿದು ಒಂದು ಶತಮಾನದ ಹೊತ್ತಿಗೆ ಬರೆದವನು. ರೋಮ್ ಹೇಗೆ ಇಷ್ಟು ಬೇಗ ಲೋಕದ ಒಡೆಯನಾಯಿತು ಎಂದು ಗ್ರೀಕರಿಗೆ ವಿವರಿಸುವುದು ಅವನ ಉದ್ದೇಶವಾಗಿತ್ತು. ಹಾಗಾಗಿ 'ಏನೂ ಇಲ್ಲದವರು ಎಲ್ಲವನ್ನೂ ಸಾಧಿಸಿದರು' ಎಂಬ ಎಳೆಯನ್ನು ಸ್ವಲ್ಪ ಜೋರಾಗಿಯೇ ಎಳೆದಿದ್ದಾನೆ. ಅರವತ್ತು ದಿನದ ಲೆಕ್ಕ ಅವನದಲ್ಲ, ಅದು ಅವನಿಗಿಂತ ಇನ್ನೂ ಇನ್ನೂರು ವರ್ಷದ ನಂತರದ ರೋಮನ್ ಲೇಖಕ ಪ್ಲಿನಿಯದು.

ಆದರೆ ಪೊಲಿಬಿಯಸ್‌ನ ಅದೇ ಪುಟದಲ್ಲಿ ಇನ್ನೊಂದು ಮಾತಿದೆ. ಕ್ರಿ.ಪೂ. 264ರಲ್ಲಿ ಸೈನ್ಯವನ್ನು ಸಿಸಿಲಿ ದ್ವೀಪಕ್ಕೆ ದಾಟಿಸಲು ರೋಮನ್ನರು ಹಡಗುಗಳನ್ನು ಎರವಲು ತಂದರು. ಯಾರಿಂದ? ತಾರೆಂಟಮ್, ಲೋಕ್ರಿ, ಎಲಿಯಾ, ನಿಯಾಪೊಲಿಸ್. ಇವು ನಾಲ್ಕೂ ದಕ್ಷಿಣ ಇಟಲಿಯ ಗ್ರೀಕ್ ಊರುಗಳು. ನಿಯಾಪೊಲಿಸ್ ಎಂದರೆ ಇಂದಿನ ನೇಪಲ್ಸ್. ತಲೆಮಾರುಗಳಿಂದ ಕಡಲನ್ನೇ ನಂಬಿ ಬದುಕಿದ ಜನ. ಯುದ್ಧ ಶುರುವಾಗುವ ಹೊತ್ತಿಗೆ ಇವರೆಲ್ಲ ರೋಮಿನ ಮಿತ್ರರಾಗಿದ್ದರು. ಒಪ್ಪಂದದ ಪ್ರಕಾರ ಇವರು ಕೊಡಬೇಕಾದದ್ದು ಕಾಲಾಳುಗಳನ್ನಲ್ಲ, ಹಡಗು ಮತ್ತು ನಾವಿಕರನ್ನು. ಲ್ಯಾಟಿನ್‌ನಲ್ಲಿ ಇವರಿಗೆ 'ಸೋಸಿಯೈ ನವಾಲೆಸ್', ಅಂದರೆ ಕಡಲ ಮಿತ್ರರು ಎಂಬ ಹೆಸರೇ ಇತ್ತು.

ರೋಮಿಗೂ ಹಡಗು ಪೂರ್ತಿ ಅಪರಿಚಿತವಾಗಿರಲಿಲ್ಲ. ಕ್ರಿ.ಪೂ. 338ರಲ್ಲಿ ಆಂಟಿಯಮ್ ಊರಿನ ನೌಕೆಗಳನ್ನು ಸೋಲಿಸಿ, ಅವುಗಳ ಕಂಚಿನ ಕೊಕ್ಕುಗಳನ್ನು, ಅಂದರೆ ಶತ್ರು ಹಡಗಿಗೆ ಗುದ್ದಲು ಮೂತಿಗೆ ಹಾಕಿದ ಕವಚಗಳನ್ನು ತಂದು ನಗರದ ಸಭಾಸ್ಥಳದ ಭಾಷಣಕಟ್ಟೆಗೆ ಜಡಿದಿದ್ದರು. ಆ ಕಟ್ಟೆಯ ಹೆಸರು 'ರೋಸ್ಟ್ರಾ', ಕೊಕ್ಕುಗಳು. 311ರಲ್ಲಿ ನೌಕೆಗಳನ್ನು ನೋಡಿಕೊಳ್ಳಲು ಇಬ್ಬರು ಅಧಿಕಾರಿಗಳನ್ನು ನೇಮಿಸಿದರು. ಅವರಲ್ಲಿ ಇಲ್ಲದೇ ಇದ್ದದ್ದು ಐದರ ಹಡಗು, ಅಂದರೆ ಹುಟ್ಟುಗಳ ಪ್ರತಿ ಗುಂಪಿಗೆ ಐವರಂತೆ ಕೂರುವ ಕ್ವಿನ್ಕ್ವಿರೀಮ್. ಮುನ್ನೂರು ಹುಟ್ಟುಗಾರರು ಬೇಕಾಗುವ ಆ ದೈತ್ಯನನ್ನು ಕಟ್ಟಿದ ಅನುಭವ ಅವರ ಬಡಗಿಗಳಿಗಿರಲಿಲ್ಲ. ಸಿಕ್ಕಿದ ಮಾದರಿ ಬೇಕಾದದ್ದು ಅಷ್ಟಕ್ಕೇ.

ಭಾಷೆಯನ್ನೂ ಒಮ್ಮೆ ನೋಡಿ. ಲ್ಯಾಟಿನ್‌ನಲ್ಲಿ ಲಂಗರಿಗೆ 'ಅಂಕೊರಾ', ಹಡಗಿನ ಮೂತಿಗೆ 'ಪ್ರೋರಾ', ಚುಕ್ಕಾಣಿ ನಡೆಸುವುದಕ್ಕೆ 'ಗುಬೆರ್ನಾರೆ', ಕಡಲಬೇನೆಗೆ 'ನೌಸಿಯಾ'. ನಾಲ್ಕೂ ಗ್ರೀಕಿನಿಂದ ಬಂದ ಪದಗಳು. ನಾವು ದಿನಪತ್ರಿಕೆಯಲ್ಲಿ ಓದುವ 'ಗವರ್ನರ್' ಆ ಮೂರನೆಯದರ ಮೊಮ್ಮಗ. ನಮ್ಮ 'ಚುಕ್ಕಾಣಿ'ಯೂ ಅರಬ್ಬಿಯ 'ಸುಕ್ಕಾನ್'ನಿಂದ ಬಂದದ್ದಲ್ಲವೇ? ಪಾತ್ರೆಯ ಹೆಸರನ್ನು ಅದನ್ನು ತಂದುಕೊಟ್ಟವರೇ ಹೇಳಿಕೊಡುತ್ತಾರೆ.

ಉಪ್ಪುನೀರು:

ನಾನು ಗಂಗೊಳ್ಳಿ ಕಡೆಯವನು. ಇತಿಹಾಸ ಓದಿದ್ದು ಕಡಿಮೆ, ಹುಟ್ಟು ಹಾಕಿದ್ದು ಹೆಚ್ಚು. ಆ ಅನುಭವದ ಮೇಲೆ ಒಂದು ಮಾತು.

ಹಡಗು ಕಟ್ಟುತ್ತಿರುವಾಗಲೇ ಹುಟ್ಟುಗಾರರಿಗೆ ನೆಲದ ಮೇಲೆ ತರಬೇತಿ ಕೊಟ್ಟರು ಎಂದು ಪೊಲಿಬಿಯಸ್ ಹೇಳುತ್ತಾನೆ. ಹಡಗಿನೊಳಗೆ ಕೂರುವ ಕ್ರಮದಲ್ಲಿಯೇ ದಡದ ಮೇಲೆ ಮಣೆ ಹಾಕಿ ಕೂರಿಸಿದರು. ನಡುವೆ ತಾಳ ಹೇಳುವವನೊಬ್ಬ. ಎಲ್ಲರೂ ಒಟ್ಟಿಗೆ ಹಿಂದಕ್ಕೆ ಒರಗಿ ಕೈಗಳನ್ನು ಎದೆಗೆಳೆದುಕೊಳ್ಳಬೇಕು, ಒಟ್ಟಿಗೆ ಮುಂದಕ್ಕೆ ಬಾಗಿ ಕೈ ಚಾಚಬೇಕು. ಅವನ ಕೂಗಿಗೆ ಶುರು ಮಾಡಬೇಕು, ಕೂಗಿಗೆ ನಿಲ್ಲಿಸಬೇಕು.

ಇದನ್ನು ಓದಿ ನಗುವವರಿದ್ದಾರೆ. ನಾನು ನಗುವುದಿಲ್ಲ. ನಮ್ಮ ರಂಪಣಿ ದೋಣಿಗೆ ಮೊದಲ ಸಲ ಹತ್ತಿದಾಗ ನನಗೆ ಹದಿನಾಲ್ಕು ವರ್ಷ. ತೋಳಿನ ಬಲಕ್ಕೆ ಕೊರತೆ ಇರಲಿಲ್ಲ. ಆದರೆ ಮುಂದೆ ಕೂತ ದೊಡ್ಡಪ್ಪನ ಬೆನ್ನು ಬಾಗುವ ಮೊದಲೇ ನಾನು ಬಾಗುತ್ತಿದ್ದೆ. ನನ್ನ ಹುಟ್ಟು ಹಿಂದಿನವನ ಹುಟ್ಟಿಗೆ ತಾಗಿ ಟಕ್ಕೆಂದು ಸದ್ದಾಗುತ್ತಿತ್ತು. ಒಂದು ಹುಟ್ಟು ತಪ್ಪಿದರೆ ಆ ಬದಿಯ ಓಟವೇ ಕೆಡುತ್ತದೆ. ಮೂರು ಅಂತಸ್ತಿನಲ್ಲಿ ಮುನ್ನೂರು ಜನ ಕೂತ ಹಡಗಿನಲ್ಲಿ ಹೀಗಾದರೆ ಏನಾಗಬಹುದು, ಯೋಚಿಸಿ. ಆದ್ದರಿಂದ ಮೊದಲು ತಾಳ ಕಲಿಸಿದ್ದು ಸರಿಯಾದ ಕ್ರಮವೇ.

ನೆಲ ಕಲಿಸಲಾರದ್ದು ಒಂದಿದೆ. ನೀರು ಸಮನಾಗಿರುವುದಿಲ್ಲ. ಅಲೆಯ ತಗ್ಗಿಗೆ ಬಂದಾಗ ಹುಟ್ಟಿನ ಎಲೆ ನೀರಿಗೆ ಸಿಗದೆ ಗಾಳಿಯಲ್ಲಿ ಬೀಸುತ್ತದೆ, ಎಳೆದ ಬಲಕ್ಕೆ ಹಿಡಿಕೆ ಬಂದು ಎದೆಗೂಡಿಗೆ ಗುದ್ದುತ್ತದೆ. ಆ ಗುದ್ದು ತಿಂದ ಮೇಲೇ ಅಲೆಯನ್ನು ಸೊಂಟದಲ್ಲಿ ಅಳೆಯುವುದು ಬರುವುದು. ಅದಕ್ಕೆ ಅರವತ್ತು ದಿನ ಸಾಲುವುದಿಲ್ಲ.

ಮರಗೆಲಸ:

ನನ್ನದು ಬಡಗಿ ಮನೆತನ. ನನಗೆ ಮೊದಲು ಬಂದ ಅನುಮಾನ ಬೇರೆ. ಸಿಕ್ಕಿದ ಹಡಗನ್ನು 'ನೋಡಿ' ಮಾಡಿದರು ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಹಲಗೆ ಕಾಣುತ್ತದೆ, ಜೋಡಣೆ ಕಾಣುವುದಿಲ್ಲ.

ಆ ಕಾಲದ ಮೆಡಿಟರೇನಿಯನ್ ಹಡಗಿನಲ್ಲಿ ಮೊದಲು ಅಸ್ಥಿಪಂಜರ ನಿಲ್ಲಿಸಿ ಆಮೇಲೆ ಹಲಗೆ ಹೊಡೆಯುತ್ತಿರಲಿಲ್ಲ. ಮೊದಲು ಹೊರಮೈಯನ್ನೇ ಕಟ್ಟುತ್ತಿದ್ದರು. ಒಂದು ಹಲಗೆಯ ದಪ್ಪದಲ್ಲಿ ಗೂಡು ಕೊರೆದು, ಅದಕ್ಕೆ ಗಟ್ಟಿಮರದ ನಾಲಿಗೆ ಕೂರಿಸಿ, ಮೇಲಿನ ಹಲಗೆಯ ಗೂಡನ್ನು ಆ ನಾಲಿಗೆಯ ಮೇಲೆ ಇಳಿಸಿ, ಎರಡೂ ಕಡೆ ಅಡ್ಡಲಾಗಿ ಮರದ ಮೊಳೆ ಹೊಡೆಯುವುದು. ಹೀಗೆ ಗೇಣು ಗೇಣಿಗೆ ಒಂದು ನಾಲಿಗೆ. ಒಳಗಿನ ಅಡ್ಡಪಕ್ಕೆಗಳು ಆಮೇಲೆ ಬರುವವು. ಬಾಗಿಲ ಚೌಕಟ್ಟಿಗೆ ನಾಲ್ಕು ಕಚ್ಚು ಕೂರಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ. ಒಂದು ಹಡಗಿಗೆ ಇಂಥವು ಸಾವಿರಗಟ್ಟಲೆ ಬೇಕು.

ಈ ಜೋಡಣೆಗೆ ಲ್ಯಾಟಿನ್‌ನಲ್ಲಿ ಏನು ಹೆಸರಿತ್ತು ಗೊತ್ತೇ? ರೋಮಿನ ರಾಜಕಾರಣಿ ಹಿರಿಯ ಕೇಟೋ ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲಿ ಎಣ್ಣೆಗಾಣದ ದೊಡ್ಡ ಮರದ ಬಿಲ್ಲೆ ಮಾಡುವುದನ್ನು ವಿವರಿಸುತ್ತ, ಹಲಗೆಗಳನ್ನು 'ಪ್ಯೂನಿಕ್ ಜೋಡಣೆ'ಯಿಂದ ಸೇರಿಸಿ ಎನ್ನುತ್ತಾನೆ. ಪ್ಯೂನಿಕ್ ಎಂದರೆ ಕಾರ್ಥೇಜಿನವರದು. ಕಾರ್ಥೇಜನ್ನು ನಾಶ ಮಾಡಲೇಬೇಕು ಎಂದು ಸಭೆಯಲ್ಲಿ ಪಟ್ಟು ಹಿಡಿದಿದ್ದ ಅದೇ ಕೇಟೋ! ಅವನ ಗಾಣದ ಮನೆಯೊಳಗೆ ಶತ್ರುವಿನ ಬಡಗಿತನ ಹೆಸರು ಸಮೇತ ಕೂತಿತ್ತು.

ಇನ್ನೊಂದು ಸಾಕ್ಷಿ ಸಿಸಿಲಿಯ ಮಾರ್ಸಾಲಾದ ಬಳಿ ನೀರಿನಡಿ ಸಿಕ್ಕಿದ್ದು. ಹಾನರ್ ಫ್ರಾಸ್ಟ್ ಎಂಬ ಪುರಾತತ್ವಜ್ಞೆ 1970ರ ದಶಕದ ಆರಂಭದಲ್ಲಿ ಅಲ್ಲಿ ಕಾರ್ಥೇಜಿನ ಕಾಲದ ಹಡಗೊಂದನ್ನು ಅಗೆದು ತೆಗೆದರು. ಅದರ ಮರದ ಮೇಲೆ ಕಟ್ಟಿದವರು ಬಣ್ಣದಲ್ಲಿ ಬರೆದ ಪ್ಯೂನಿಕ್ ಅಕ್ಷರಗಳಿವೆ. ಯಾವ ತುಂಡು ಎಲ್ಲಿಗೆ ಎಂದು ಸೂಚಿಸುವ ಗುರುತುಗಳು. ನಾವು ತೊಲೆ ಇಳಿಸುವಾಗ ಸೀಸದಕಡ್ಡಿಯಿಂದ 'ಬ 3', 'ಎ 4' ಎಂದು ಬರೆದುಕೊಳ್ಳುವುದಿಲ್ಲವೇ, ಹಾಗೆ. ಇಂಥ ಹಡಗನ್ನು ಬಿಚ್ಚಿದರೆ ಅದು ಪಾಠಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ. ಅದನ್ನು ನೋಡಿದ ಮೇಲೆ ನನಗೆ ಅರವತ್ತು ದಿನದ ಲೆಕ್ಕ ಅಸಾಧ್ಯ ಅನ್ನಿಸುವುದಿಲ್ಲ. ತುಂಡುಗಳನ್ನು ಅಳತೆಗೆ ಕೊಯ್ದು ಗುಡ್ಡೆ ಹಾಕಿ, ನೂರು ಕಡೆ ಒಟ್ಟಿಗೆ ಜೋಡಿಸಿದರೆ ಆದೀತು.

ಆದರೆ ಹಸಿಮರ! ಆರದ ಮರದಿಂದ ಕಟ್ಟಿದ ಹಡಗು ಭಾರ, ನೀರನ್ನೂ ಕುಡಿಯುತ್ತದೆ. ಮೊದಲ ರೋಮನ್ ಹಡಗುಗಳು ಒರಟು, ನಿಧಾನ ಎಂದು ಪೊಲಿಬಿಯಸ್ ಬರೆದಿರುವುದಕ್ಕೆ ನನ್ನ ವಿವರಣೆ ಇದೇ.

ಕಂಚಿನ ಕೊಕ್ಕು:

ಎಲ್ಲರೂ ಸೇರಿ ರೋಮನ್ನರ ಪಾಲಿಗೆ ಏನನ್ನೂ ಉಳಿಸುತ್ತಿಲ್ಲವಲ್ಲ! ಹಡಗು ಕಾರ್ಥೇಜಿನದು, ನಾವಿಕರು ಗ್ರೀಕರು, ಪದಗಳೂ ಗ್ರೀಕ್. ಹಾಗಿದ್ದರೆ ಆ ಮೊದಲ ದೊಡ್ಡ ಕಾಳಗವನ್ನು, ಸಿಸಿಲಿಯ ಮೈಲೇ ಬಳಿಯದನ್ನು, ಗೆದ್ದದ್ದು ಹೇಗೆ?

ಅವರ ಸ್ವಂತ ಬುದ್ಧಿ ಕಾಣುವುದು 'ಕೊರ್ವಸ್'ನಲ್ಲಿ, ಅಂದರೆ ಕಾಗೆಯಲ್ಲಿ. ಹಡಗಿನ ಮೂತಿಯ ಬಳಿ 24 ಅಡಿ ಎತ್ತರದ ಕಂಬ. ಅದಕ್ಕೆ ಸುತ್ತ ತಿರುಗುವಂತೆ ಜೋಡಿಸಿದ, 36 ಅಡಿ ಉದ್ದ 4 ಅಡಿ ಅಗಲದ ಹಲಗೆಯ ಸೇತುವೆ. ಇಬ್ಬದಿಗೂ ಮೊಣಕಾಲೆತ್ತರದ ತಡೆ. ತುದಿಯಲ್ಲಿ ಒನಕೆಯಂಥ ಚೂಪು ಕಬ್ಬಿಣ. ಕಂಬದ ತುದಿಯ ರಾಟೆಯಿಂದ ಹಗ್ಗ ಎಳೆದು ಸೇತುವೆಯನ್ನು ಎತ್ತಿ ಹಿಡಿದಿರುತ್ತಾರೆ. ಶತ್ರುವಿನ ಹಡಗು ಹತ್ತಿರ ಬಂದ ತಕ್ಷಣ ಹಗ್ಗ ಬಿಟ್ಟರೆ ಆ ಕೊಕ್ಕು ಎದುರು ಹಡಗಿನ ಅಟ್ಟಕ್ಕೆ ನಾಟಿಕೊಳ್ಳುತ್ತದೆ. ಎರಡು ಹಡಗೂ ಒಂದೇ ನೆಲವಾಗುತ್ತದೆ. ಮೊದಲ ಇಬ್ಬರು ಸೈನಿಕರು ಗುರಾಣಿಯನ್ನು ಮುಂದೆ ಹಿಡಿದು ನಡೆಯುತ್ತಾರೆ, ಹಿಂದಿನವರು ಗುರಾಣಿಯ ಅಂಚನ್ನು ತಡೆಯ ಮೇಲೆ ಊರಿ ಪಕ್ಕಗಳನ್ನು ಕಾಯುತ್ತಾರೆ.

ಕಾರ್ಥೇಜಿನವರ ಕಲೆ ಇದ್ದದ್ದು ವೇಗದಲ್ಲಿ, ತಿರುಗಿ ಬಂದು ಪಕ್ಕೆಗೆ ಗುದ್ದುವುದರಲ್ಲಿ. ಮೈಲೇಯಲ್ಲಿ 130 ಹಡಗು ತಂದ ಅವರು ಸಾಲು ಕೂಡ ಕಟ್ಟದೆ ನೇರ ನುಗ್ಗಿದರು ಎಂದು ಪೊಲಿಬಿಯಸ್ ಹೇಳುತ್ತಾನೆ. ಐವತ್ತನ್ನು ಕಳೆದುಕೊಂಡರು. ಸೇನಾಪತಿ ಇದ್ದ ಏಳರ ಹಡಗು, ಹಿಂದೊಮ್ಮೆ ಪಿರ್‌ಹಸ್ ದೊರೆಯದಾಗಿದ್ದದ್ದು, ಅದೂ ಕೈಬಿಟ್ಟಿತು. ಗೆದ್ದ ರೋಮನ್ ಸೇನಾಪತಿ ಡುಯಿಲಿಯಸ್‌ಗೆ ರೋಮಿನಲ್ಲಿ ಕೊಕ್ಕುಗಳಿಂದ ಅಲಂಕರಿಸಿದ ಸ್ತಂಭ ನಿಲ್ಲಿಸಿದರು. ರಾತ್ರಿ ಊಟ ಮುಗಿಸಿ ಮನೆಗೆ ಹೋಗುವಾಗ ಪಂಜಿನವನೂ ಕೊಳಲೂದುವವನೂ ಜೊತೆಗೆ ಬರುವ ಗೌರವ ಅವನಿಗಿತ್ತು.

ತಮಗೆ ಬಾರದ ವಿದ್ಯೆಯಲ್ಲಿ ಹೋರಾಡುವುದನ್ನು ಬಿಟ್ಟು, ತಮಗೆ ಬರುವ ವಿದ್ಯೆಯನ್ನು ನೀರಿನ ಮೇಲೆ ತಂದರು. 

ಉಪ್ಪುನೀರು:

ಕಾಗೆಯನ್ನು ಒಪ್ಪುತ್ತೇನೆ. ಆದರೆ ಕಂಚಿನ ಕೊಕ್ಕು ಅವರೇ, ಅದು ಕಡಲನ್ನು ಕಲಿತದ್ದಲ್ಲ, ಕಲಿಯದೆ ದಾಟಿಕೊಂಡದ್ದು. ಮುಂದೆ ಏನಾಯಿತು ನೋಡಿ.

ಕ್ರಿ.ಪೂ. 255ರ ಬೇಸಿಗೆಯಲ್ಲಿ ಆಫ್ರಿಕಾದಿಂದ ರೋಮನ್ ನೌಕಾಪಡೆ ಮರಳುವಾಗ ಚುಕ್ಕಾಣಿಗಾರರು ಅದನ್ನು ನಡೆಸುತ್ತಿದ್ದ ಮುಖ್ಯ ಅಧಿಕಾರಿಗಳಾದ ಕಾನ್ಸಲ್‌ಗಳಿಗೆ ಹೇಳಿದರು: ಸಿಸಿಲಿಯ ದಕ್ಷಿಣದ ದಡ ಹಿಡಿದು ಹೋಗುವುದು ಬೇಡ, ಅಲ್ಲಿ ಲಂಗರು ಹಾಕುವ ಜಾಗವಿಲ್ಲ, ಕಾಲವೂ ಒಳ್ಳೆಯದಲ್ಲ. ನಕ್ಷತ್ರ ನೋಡಿ ಹೇಳಿದ ಮಾತು. ಓರಿಯನ್ ಹುಟ್ಟಿ, ಲುಬ್ಧಕ ಇನ್ನೂ ಹುಟ್ಟಬೇಕಿದ್ದ ಹೊತ್ತು. ಕಾನ್ಸಲ್‌ಗಳು ಕೇಳಲಿಲ್ಲ. ಗೆದ್ದ ಗುಂಗಿನಲ್ಲಿ, ದಾರಿಯಲ್ಲಿ ನಾಲ್ಕು ಊರನ್ನು ಹೆದರಿಸಿ ವಶ ಮಾಡಿಕೊಳ್ಳೋಣ ಎಂದರು. ಕಮರಿನಾದ ಬಳಿ ಬಿರುಗಾಳಿ ಹಿಡಿಯಿತು. 364 ಹಡಗುಗಳಲ್ಲಿ ಉಳಿದದ್ದು 80. ಕರಾವಳಿಯುದ್ದಕ್ಕೂ ಒಡೆದ ಹಲಗೆ, ಹೆಣ. ಮೂತಿಯ ಮೇಲಿನ ಕಾಗೆಯ ಭಾರವೇ ಹಡಗುಗಳನ್ನು ಮುಗ್ಗರಿಸಿತೆಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಮೂತಿಯಲ್ಲಿ ಭಾರ ಹೇರಿದ ದೋಣಿ ದೊಡ್ಡ ಅಲೆಗೆ ತಲೆ ಎತ್ತುವುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರು ತಿಂಗಳಲ್ಲಿ ಮತ್ತೆ 220 ಹಡಗು ಕಟ್ಟಿದರು. 253ರಲ್ಲಿ ಮತ್ತೊಂದು ಬಿರುಗಾಳಿ, ಮತ್ತೆ 150ಕ್ಕೂ ಹೆಚ್ಚು ಹಡಗು ಹೋದವು. ಪೊಲಿಬಿಯಸ್ ಮೊದಲ ಬಿರುಗಾಳಿಯ ಕಥೆ ಹೇಳುವಾಗಲೇ ರೋಮನ್ನರನ್ನು ನೇರವಾಗಿ ತರಾಟೆಗೆ ತೆಗೆದುಕೊಳ್ಳುತ್ತಾನೆ: ಇವರು ಎಲ್ಲದಕ್ಕೂ ಬಲ ಒಂದನ್ನೇ ನಂಬುತ್ತಾರೆ, ಮನುಷ್ಯರ ಎದುರು ಅದು ನಡೆಯುತ್ತದೆ, ಗಾಳಿ ಮತ್ತು ಕಡಲಿನ ಎದುರು ನಡೆಯುವುದಿಲ್ಲ ಎಂದು.

ಯಾರ ಮಾತನ್ನು ಕಾನ್ಸಲ್‌ಗಳು ಕೇಳದೇ ಹೋದರೋ ಆ ಚುಕ್ಕಾಣಿಗಾರರ ಬಗ್ಗೆಯೇ ನನಗೆ ಸಂಕಟ. ಗೊತ್ತಿದ್ದವರು ಹಡಗಿನಲ್ಲೇ ಇದ್ದರು. ಗೊತ್ತಿಲ್ಲದವರ ಅಪ್ಪಣೆಯಂತೆ ಅವರೂ ಮುಳುಗಿದರು.

ಹಳೆಯ ನಕ್ಷೆ:

ಉಪ್ಪುನೀರು ಅವರು ಬರೆದದ್ದನ್ನು ಎರಡು ಸಲ ಓದಿದೆ. ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ನಿಜವಾದ ಉತ್ತರ ಈ ಯುದ್ಧದ ಕೊನೆಯ ಹತ್ತು ವರ್ಷದಲ್ಲಿದೆ. ಪಠ್ಯಪುಸ್ತಕಗಳು ಮೈಲೇಯಲ್ಲಿಯೇ ನಿಂತುಬಿಡುವುದು ದೊಡ್ಡ ನಷ್ಟ.

ಕ್ರಿ.ಪೂ. 249ರಲ್ಲಿ ರೋಮನ್ ಕಾನ್ಸಲ್ ಕ್ಲಾಡಿಯಸ್ ಪುಲ್ಕರ್ ಸಿಸಿಲಿಯ ಡ್ರೆಪಾನಾ ಬಂದರಿನ ಮೇಲೆ ದಾಳಿ ಮಾಡಿ 93 ಹಡಗು ಕಳೆದುಕೊಂಡ. ಶಕುನದ ಕೋಳಿಗಳು ಕಾಳು ತಿನ್ನಲಿಲ್ಲ, ಅವನ್ನು ನೀರಿಗೆ ಎಸೆದ, ಅದಕ್ಕೇ ಸೋತ ಎಂಬ ಕಥೆ ಎಲ್ಲರಿಗೂ ಪ್ರಿಯ. ಪೊಲಿಬಿಯಸ್ ಕೋಳಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ಅವನು ಕೊಡುವ ಕಾರಣ ಸ್ಪಷ್ಟ: ರೋಮನ್ನರ ಬೆನ್ನಿಗೆ ದಡ ಇತ್ತು, ಹಿಂದೆ ಸರಿಯಲು ಜಾಗವಿಲ್ಲ, ಹಡಗು ಭಾರ, ಹುಟ್ಟುಗಾರರು ಅರೆಬರೆ. ಅಷ್ಟು ಹೊತ್ತಿಗೆ ಕಾಗೆ ವರ್ಣನೆಗಳಿಂದ ಕಾಣೆಯಾಗಿದೆ. ಎಕ್ನೋಮಸ್ ಕಾಳಗದ ನಂತರ, ಅಂದರೆ 256ರ ನಂತರ, ಅದರ ಹೆಸರೇ ಬರುವುದಿಲ್ಲ.

ಆಗ ಸಿಸಿಲಿಯಲ್ಲಿ ಕಾರ್ಥೇಜಿನ ಕೈಯಲ್ಲಿದ್ದ ಲಿಲಿಬೇಯಮ್ ಬಂದರಿಗೆ ರೋಮನ್ನರು ಮುತ್ತಿಗೆ ಹಾಕಿದ್ದರು. ಕಾರ್ಥೇಜಿನ ಕಡೆಯ ಹಾನಿಬಾಲ್ ಎಂಬೊಬ್ಬ (ಆನೆಗಳನ್ನು ಆಲ್ಪ್ಸ್ ಹತ್ತಿಸಿದವನಲ್ಲ, ಇವನಿಗೆ 'ರೋಡ್ಸ್‌ನವನು' ಎಂದು ಅಡ್ಡಹೆಸರು) ತನ್ನ ಒಂದೇ ಹಡಗಿನಲ್ಲಿ ಹಗಲು ಹೊತ್ತೇ ಆ ಮುತ್ತಿಗೆಯ ನಡುವೆ ಬಂದು ಹೋಗುತ್ತಿದ್ದ. ಹೊರಗೆ ಬಂದಮೇಲೆ ಹುಟ್ಟುಗಳನ್ನು ಎತ್ತಿ ಹಿಡಿದು ನಿಂತು, ಬನ್ನಿ ಎಂದು ಕಾಯುತ್ತಿದ್ದ! ಅವನ ಗುಟ್ಟು ಸರಳ. ದಡದ ಒಂದು ಬುರುಜನ್ನು ತನ್ನ ಮೂತಿಯ ನೇರಕ್ಕೆ ಇಟ್ಟುಕೊಂಡು, ಅದು ಹಿಂದಿನ ಬುರುಜುಗಳನ್ನೆಲ್ಲ ಮರೆಮಾಡುವ ಹಾಗೆ ಬಂದರೆ ಮರಳದಿಬ್ಬಗಳ ನಡುವಿನ ಕಾಲುವೆ ಸಿಗುತ್ತಿತ್ತು. ಕೊನೆಗೆ ಅವನಂತೆ ನುಸುಳುತ್ತಿದ್ದ ಇನ್ನೊಂದು ಚುರುಕಾದ ಹಡಗು ರೋಮನ್ನರು ಸುರಿದಿದ್ದ ಒಡ್ಡಿಗೆ ಸಿಕ್ಕಿಕೊಂಡಿತು. ಅದಕ್ಕೆ ಆಯ್ದ ಹುಟ್ಟುಗಾರರನ್ನು ಹತ್ತಿಸಿ, ಅದರಿಂದಲೇ ರೋಡ್ಸ್‌ನವನನ್ನು ಬೆನ್ನಟ್ಟಿ ಹಿಡಿದರು.

ಈಗ ಮುಖ್ಯವಾದದ್ದು. 242ರಲ್ಲಿ ಖಜಾನೆ ಖಾಲಿಯಾಗಿತ್ತು. ಶ್ರೀಮಂತರು ಒಬ್ಬೊಬ್ಬರು, ಇಬ್ಬಿಬ್ಬರು, ಮೂವರು ಸೇರಿ ತಲಾ ಒಂದು ಹಡಗಿನ ಖರ್ಚು ಹೊತ್ತರು. ಗೆದ್ದರೆ ವಾಪಸು ಎಂಬ ಕರಾರಿನ ಮೇಲೆ 200 ಹಡಗು ಎದ್ದವು. ಮಾದರಿ ಯಾವುದು? ರೋಡ್ಸ್‌ನವನ ಹಡಗು. ಹಡಗು ನೋಡಿ ಹಡಗು ಕಟ್ಟಿದ ಕಥೆ ಈ ಯುದ್ಧದಲ್ಲಿ ಎರಡು ಸಲ ನಡೆಯುತ್ತದೆ, ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಏಕೆಂದರೆ ಈ ಸಲ ಅವರಿಗೆ ಒಳ್ಳೆಯ ಹಡಗು ಯಾವುದೆಂದು ಗೊತ್ತಿತ್ತು. ಅದರ ಹಿಂದೆ ಓಡಿ ಓಡಿ ಸೋತಿದ್ದರು.

ಕಾನ್ಸಲ್ ಲುಟಾಟಿಯಸ್ ಕಟುಲಸ್ ಹುಟ್ಟುಗಾರರನ್ನು ದಿನವೂ ನೀರಿನ ಮೇಲೆಯೇ ಪಳಗಿಸಿದ, ಅವರ ಊಟತಿಂಡಿಯನ್ನೂ ನೋಡಿಕೊಂಡ. 241ರ ಮಾರ್ಚ್ 10ರ ಬೆಳಗ್ಗೆ ಗಾಳಿ ಶತ್ರುವಿಗೆ ಅನುಕೂಲವಾಗಿತ್ತು, ಕಡಲು ಎದ್ದಿತ್ತು. ಅವನು ಹಿಂಜರಿದ, ಆಮೇಲೆ ಹೊರಟ. ಹೊತ್ತು ತಪ್ಪಿದರೆ ಕಾರ್ಥೇಜಿನ ಹಡಗುಗಳು ಧಾನ್ಯ ಇಳಿಸಿ, ಹಗುರಾಗಿ, ಒಳ್ಳೆಯ ಸೈನಿಕರನ್ನು ಹತ್ತಿಸಿಕೊಂಡು ಬರುತ್ತವೆ ಎಂದು ಅವನಿಗೆ ತಿಳಿದಿತ್ತು. ಸಿಸಿಲಿಯ ಪಶ್ಚಿಮಕ್ಕಿರುವ ಐಗೇಟ್ಸ್ ದ್ವೀಪಗಳ ಬಳಿ 50 ಹಡಗು ಮುಳುಗಿಸಿದರು, 70 ಹಿಡಿದರು. ಕಾಗೆ ಇಲ್ಲ, ಸೇತುವೆ ಇಲ್ಲ. ಎದುರುಗಾಳಿಯಲ್ಲಿ ಹುಟ್ಟು ಹಾಕಿ ಗೆದ್ದರು.

ನೀರೊಳಗೆ:

ಪುರಾತತ್ವ ವಿದ್ಯಾರ್ಥಿ. ಕೊನೆಯ ಆ ಕಾಳಗದ ಜಾಗವೇ ಈಗ ಸಿಕ್ಕಿದೆ ಎಂದು ಸೇರಿಸಲೇಬೇಕು.

2000ರ ದಶಕದ ಮಧ್ಯದಿಂದ ಸಿಸಿಲಿಯ ಕಡಲ ಪುರಾತತ್ವ ಇಲಾಖೆ ಮತ್ತು ಅಮೆರಿಕದ ಒಂದು ಪ್ರತಿಷ್ಠಾನ ಸೇರಿ ಅದೇ ಐಗೇಟ್ಸ್ ಗುಂಪಿನ ಲೆವಾಂಜೊ ದ್ವೀಪದ ಬಳಿ, ಸುಮಾರು 80 ಮೀಟರ್ ಆಳದಲ್ಲಿ ಶೋಧ ನಡೆಸುತ್ತಿವೆ. ಈ ಕೆಲಸಕ್ಕೆ ಬೆನ್ನೆಲುಬಾಗಿದ್ದವರು ಸೆಬಾಸ್ಟಿಯಾನೊ ತೂಸಾ. ಇದುವರೆಗೆ 25ಕ್ಕೂ ಹೆಚ್ಚು ಕಂಚಿನ ಕೊಕ್ಕುಗಳು ಸಿಕ್ಕಿವೆ. ಅದಕ್ಕೆ ಮೊದಲು ಜಗತ್ತಿನಲ್ಲಿ ಇಂಥವು ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು.

ಹೆಚ್ಚಿನವುಗಳ ಮೇಲೆ ಲ್ಯಾಟಿನ್ ಬರಹವಿದೆ. ಇಂಥ ಅಧಿಕಾರಿ ಪರೀಕ್ಷಿಸಿ ಒಪ್ಪಿದ್ದಾನೆ ಎಂಬ ಒಕ್ಕಣೆ. ಒಂದರ ಮೇಲೆ ಪ್ಯೂನಿಕ್ ಲಿಪಿಯಲ್ಲಿ ಬಾಳ್ ದೇವರಿಗೆ ಪ್ರಾರ್ಥನೆ. ಒಂದು ಕಡೆ ಗುತ್ತಿಗೆಯ ಮೊಹರು, ಇನ್ನೊಂದು ಕಡೆ ದೇವರ ಮೊರೆ. ಅವೆರಡೂ ಒಂದೇ ಮರಳಿನಲ್ಲಿ ಮಲಗಿದ್ದವು. ಕೊಕ್ಕುಗಳ ಅಳತೆ ನೋಡಿದರೆ ಅವನ್ನು ಹೊತ್ತಿದ್ದವು ದೊಡ್ಡ ಐದರ ಹಡಗುಗಳಲ್ಲ, ಅದಕ್ಕಿಂತ ಚಿಕ್ಕದಾದ ಮೂರರ ಹಡಗಿನ, ಅಂದರೆ ಟ್ರೈರೀಮ್ ಗಾತ್ರದವು. ಪೊಲಿಬಿಯಸ್ ಎಲ್ಲವನ್ನೂ ಐದರ ಹಡಗೆಂದು ಎಣಿಸಿದ್ದನ್ನು ನಾವು ಮರುಪರಿಶೀಲಿಸಬೇಕಾಗಿದೆ.

ಮರಗೆಲಸ ಅವರ ಮಾತಿಗೆ ಒಂದು ಹೋಲಿಕೆ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗನ್ನು ಅಜಂತಾದ ಒಂದು ಚಿತ್ರ ನೋಡಿ ಕಟ್ಟಿದರು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು. ಚಿತ್ರ ಆಕಾರವನ್ನಷ್ಟೇ ಕೊಟ್ಟಿತು. ಹೊಲಿಗೆ ಬಂದದ್ದು ಅದನ್ನು ಇನ್ನೂ ಬಲ್ಲ ಕೇರಳದ ಕುಶಲಕರ್ಮಿಗಳ ಕೈಯಿಂದ.

ಸಂಜೆಯ ಓದು:

ಎಲ್ಲರಿಗೂ ಕೈಮುಗಿದೆ. ಇಂದು ಏನು ಮಾಡಿದೆ ಎಂದು ಹೇಳಬೇಕು.

ಆಟದ ಮೈದಾನಕ್ಕೆ ಬೆಂಚುಗಳನ್ನು ಹೊರಿಸಿ, ಎರಡು ಸಾಲಿನಲ್ಲಿ ಇಪ್ಪತ್ತು ಮಕ್ಕಳನ್ನು ಕೂರಿಸಿದೆ. ಕೈಗೊಂದು ಬಿದಿರಿನ ಗಳ. ಪ್ರಶ್ನೆ ಕೇಳಿದ ಹುಡುಗಿಯೇ ತಾಳ ಹೇಳುವವಳು. ಮೊದಲ ಐದು ನಿಮಿಷ ಗಳಗಳ ಗಲಾಟೆಯಲ್ಲಿ ಅವಳ ದನಿಯೇ ಕೇಳಿಸಲಿಲ್ಲ. ಕಾಲು ಗಂಟೆಯ ಹೊತ್ತಿಗೆ ಇಪ್ಪತ್ತು ಬೆನ್ನುಗಳು ಒಟ್ಟಿಗೆ ಬಾಗಿದವು. ನೋಡುತ್ತ ನಿಂತ ಬೇರೆ ತರಗತಿಯವರೂ ಸುಮ್ಮನಾದರು. ಆಮೇಲೆ ನಾನು ಒಂದು ತುದಿಯ ಬೆಂಚನ್ನು ಮೆಲ್ಲಗೆ ಎತ್ತಿ ಅಲುಗಾಡಿಸಿದೆ. ಅಷ್ಟೇ, ಇಡೀ ಸಾಲು ಚೆದುರಿತು.

ಅವಳು ಗಳವನ್ನು ಗೋಡೆಗೆ ಒರಗಿಸುತ್ತ ಕೇಳಿದಳು: "ಸರ್, ಅಲೆ ಬರುವ ಮೊದಲೇ ಅಲೆಯನ್ನು ಕಲಿಯಲು ಜಾಗವೇ ಇರಲಿಲ್ಲವೇ?"

ಹಳೆಯ ನಕ್ಷೆ:

ಇತ್ತು ಎಂದು ಹೇಳಿ. ಆದರೆ ಅದನ್ನು ಅವರು ಅಗೆದು ಮಾಡಿಕೊಳ್ಳಲು ಇನ್ನೂ ಇನ್ನೂರು ವರ್ಷ ಬೇಕಾಯಿತು.

ಕ್ರಿ.ಪೂ. 37ರಲ್ಲಿ, ಮುಂದೆ ಅಗಸ್ಟಸ್ ಚಕ್ರವರ್ತಿಯಾದ ಆಕ್ಟೇವಿಯನ್‌ನ ಗೆಳೆಯ ಅಗ್ರಿಪ್ಪ ನೇಪಲ್ಸ್ ಬಳಿಯ ಲುಕ್ರಿನಸ್ ಮತ್ತು ಅವೆರ್ನಸ್ ಎಂಬ ಎರಡು ಸರೋವರಗಳನ್ನು ಕಾಲುವೆ ತೋಡಿ ಕಡಲಿಗೆ ಸೇರಿಸಿದ. ಬಿಡುಗಡೆ ಮಾಡಿದ 20,000 ಗುಲಾಮರನ್ನು ಹುಟ್ಟಿನ ಮೇಲೆ ಕೂರಿಸಿ, ಚಳಿಗಾಲವಿಡೀ ಆ ಬಂದರಿನಲ್ಲಿ ಪಳಗಿಸಿದ. ದಡದ ಮೇಲೂ ಅಲ್ಲ, ತೆರೆದ ಕಡಲಲ್ಲೂ ಅಲ್ಲ, ಎರಡರ ನಡುವೆ. ಜೊತೆಗೆ ಕಾಗೆಯ ಹಗುರವಾದ ತಮ್ಮನೊಂದನ್ನೂ ಮಾಡಿಸಿದ: ಕಬ್ಬಿಣದ ಕವಚ ತೊಡಿಸಿದ ಐದು ಮೊಳದ ಮರ, ಮುಂದೆ ಕೊಂಡಿ, ಹಿಂದೆ ಹಗ್ಗ. ಅದನ್ನು ಕವಣೆಯಂತ್ರದಿಂದ ದೂರಕ್ಕೆ ಎಸೆದು ಶತ್ರುವಿನ ಹಡಗನ್ನು ಎಳೆದುಕೊಳ್ಳಬಹುದಿತ್ತು, ಮೂತಿಯ ಮೇಲೆ ಭಾರ ಹೊರಬೇಕಿರಲಿಲ್ಲ.

ಮರುವರ್ಷ ಆ ಹುಟ್ಟುಗಾರರು ಸಿಸಿಲಿಗೆ ಹೊರಟರು. ಆಕ್ಟೇವಿಯನ್‌ನ ಎದುರಾಳಿ ಸೆಕ್ಸ್ಟಸ್ ಪಾಂಪೆಯ ಹಡಗುಗಳನ್ನು ಅವರು ಮೊದಲು ಸೋಲಿಸಿದ್ದು ಮೈಲೇಯ ನೀರಿನಲ್ಲಿ, ಡುಯಿಲಿಯಸ್‌ನ ಕಾಗೆ ಮೊದಲ ಸಲ ಕೊಕ್ಕು ಊರಿದ ಅದೇ ಮೈಲೇಯಲ್ಲಿ.